ಮೋನುವಿಗೆ ಕೊಡು ಎಂದವರು ಯಾರು

ಲೋಲಾಕ್ಷಿಗೆ ಹದಿನೇಳು ವರ್ಷವಾಗಿದ್ದಾಗ ಹೆಜಮಾಡಿಯ ಬೀಡಿ ಬ್ರಾಂಚಿನ ಗುಮಾಸ್ತ ಅವಳು ತಂದ ಬೀಡಿಯ ಒಂದು ಕಟ್ಟನ್ನು ಬಿಚ್ಚಿ ನೆಲಕ್ಕೆ ಚೆಲ್ಲಿ, "ಇದು ಬೀಡಿಯಾ ಬೆಂಡೆಕಾಯಿಯಾ?" ಎಂದು ಸಾಲಿನಲ್ಲಿ ನಿಂತವರನ್ನೆಲ್ಲ ನಗಿಸಿದ. ಅವಳು ಚೆಲ್ಲಿದ್ದನ್ನು ಒಂದೊಂದಾಗಿ ಹೆಕ್ಕಿಕೊಂಡು ಮನೆಗೆ ಹೋದಳು. ಎರಡು ವಾರ ಬಿಟ್ಟು ಅದೇ ಗುಮಾಸ್ತನ ತಂಗಿಯ ಕೈಯಿಂದ ಒಂದು ಕಟ್ಟು ಬೀಡಿ ಕಟ್ಟಿಸಿಕೊಂಡು, ಬುಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟು ಅವನ ಮುಂದೆ ಹಿಡಿದಳು. ಅವನು ಅದನ್ನೂ ಬಿಚ್ಚಿದ, ಚೆಲ್ಲಿದ, ಹೀಯಾಳಿಸಿದ. ಅವನು ನಕ್ಕು ಮುಗಿಸುವ ತನಕ ಕಾದು ನಿಂತು, "ಇದು ನಿಮ್ಮ ತಂಗಿ ಕಟ್ಟಿದ್ದು, ಬೇಕಾದರೆ ಕೇಳಿ ನೋಡಿ" ಎಂದಳು. ಆಮೇಲೆ ಅವಳ ಬೀಡಿಯ ತಂಟೆಗೆ ಆ ಮನುಷ್ಯ ಬರಲಿಲ್ಲ. ಊರಿನ ಹೆಂಗಸರು ಇದನ್ನು ಹೇಳಿ ನಗುತ್ತಿದ್ದರು. ಅವಳಿಗೆ ಮಾತ್ರ ಅದು ನಗುವ ವಿಷಯವೆಂದು ಯಾವತ್ತೂ ಅನ್ನಿಸಲಿಲ್ಲ.

ಮುಲ್ಕಿಯ ಪೂವಪ್ಪನನ್ನು ಮದುವೆಯಾಗಿ, ಮೂರು ವರ್ಷದ ಮಗಳನ್ನು ಎತ್ತಿಕೊಂಡು ಅವಳು ಒಮಾನಿಗೆ ಬಂದದ್ದು ಎಂಬತ್ತಾರರಲ್ಲಿ. ಅಲ್ ಖೌದ್‌ನಲ್ಲಿ ಆಗಷ್ಟೇ ಯೂನಿವರ್ಸಿಟಿ ಶುರುವಾಗಿತ್ತು. ಅಲ್ಲಿನ ಏಸಿಗಳನ್ನು ನೋಡಿಕೊಳ್ಳುವ ಕಂಪೆನಿಯಲ್ಲಿ ಪೂವಪ್ಪ ಮೆಕ್ಯಾನಿಕ್. ಅಂಗಡಿಗಳ ಮೇಲಿನ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಲೋಲಾಕ್ಷಿ ಹೊಲಿಗೆ ಮಿಷನ್ ಇಟ್ಟಳು. ರವಿಕೆ, ಶಾಲೆಯ ಯೂನಿಫಾರ್ಮ್, ಸೀರೆಗೆ ಫಾಲ್. ಊರಿನವರ ಫುಟ್‌ಬಾಲ್ ತಂಡಕ್ಕೆ ಹಳದಿ ಜೆರ್ಸಿಗಳ ಬೆನ್ನಿಗೆ ನಂಬರು ಹೊಲಿದುಕೊಟ್ಟವಳೂ ಅವಳೇ. ಗಂಡನದು ಒಂಬತ್ತು.

ಪೂವಪ್ಪ ಮಾತು ಕಡಿಮೆಯ ಮನುಷ್ಯ. ಯಾರಾದರೂ ಸಾಲಿನಲ್ಲಿ ಮುಂದೆ ನುಗ್ಗಿದರೆ ಜಾಗ ಬಿಟ್ಟುಕೊಡುವವನು. ಆದರೆ ಶುಕ್ರವಾರ ಸಂಜೆ ವಾದಿಯ, ಅಂದರೆ ಒಣಗಿದ ಹೊಳೆಯ, ಪಕ್ಕದ ಮರಳು ಮೈದಾನದಲ್ಲಿ ಚೆಂಡು ಅವನ ಎಡಗಾಲಿಗೆ ಸಿಕ್ಕಿದರೆ ಬೇರೆಯೇ ಆಗುತ್ತಿದ್ದ. ಆ ಹೊತ್ತಿನಲ್ಲಿ ಲೋಲಾಕ್ಷಿ ಚಾಪೆಯ ಮೇಲೆ ಕೂತ ಹೆಂಗಸರ ನಡುವೆ ಫ್ಲಾಸ್ಕಿನಿಂದ ಚಹ ಬಗ್ಗಿಸುತ್ತ, ಕಣ್ಣನ್ನು ಮಾತ್ರ ಅವನ ಮೇಲೆಯೇ ಇಟ್ಟಿರುತ್ತಿದ್ದಳು. ಆಟ ಅವಳಿಗೆ ಅರ್ಥವಾಗುತ್ತಿರಲಿಲ್ಲ. ಗಂಡ ತಲೆ ಎತ್ತಿ ನಿಲ್ಲುವ ಒಂದು ಜಾಗ ಈ ಮರಳುಗಾಡಿನಲ್ಲಿ ಇದೆ ಎನ್ನುವುದಷ್ಟೇ ಅವಳಿಗೆ ಸಾಕಿತ್ತು.

ತಂಡದ ಕೋಚ್ ಸಂಕಪ್ಪ. ಪೂವಪ್ಪನ ಕಂಪೆನಿಯಲ್ಲೇ ಆಫೀಸ್ ಮ್ಯಾನೇಜರ್. ಮದೀನತ್ ಸುಲ್ತಾನ್ ಖಾಬೂಸ್ ಎಂಬ ಸಿರಿವಂತರ ಬಡಾವಣೆಯಲ್ಲಿ ಕಂಪೆನಿ ಕೊಟ್ಟ ಮನೆ, ಅರಬಿ ಓದಲು ಬರೆಯಲು ಬರುವ ಜಾಣತನ, ಕಫೀಲನ, ಅಂದರೆ ಎಲ್ಲರ ವೀಸಾ ಕೈಯಲ್ಲಿಟ್ಟುಕೊಂಡ ಒಮಾನಿ ಧಣಿಯ, ಎದುರು ಕಾಲಿನ ಮೇಲೆ ಕಾಲು ಹಾಕಿ ಕೂರುವ ಧೈರ್ಯ. ಒಬ್ಬನಿಗೆ ತಮ್ಮನ ವೀಸಾ ಆಗಬೇಕು, ಇನ್ನೊಬ್ಬನಿಗೆ ಪಾಸ್‌ಪೋರ್ಟ್ ವಾಪಸು ಸಿಗಬೇಕು, ಎಲ್ಲರೂ ಸಂಕಪ್ಪಣ್ಣನ ಬಾಗಿಲಿಗೇ ಹೋಗಬೇಕು. ಅವರು ಮಾಡಿಯೂ ಕೊಡುತ್ತಿದ್ದರು. ಪೂವಪ್ಪನಿಗೆ ಫ್ಯಾಮಿಲಿ ವೀಸಾ ಆದದ್ದೂ ಅವರಿಂದಲೇ. ಕಾಲೇಜಿನ ದಿನಗಳಲ್ಲಿ ಜಿಲ್ಲಾ ತಂಡಕ್ಕೆ ಆಡಿದವರಂತೆ. ಈಗ ಹೊಟ್ಟೆ ಬಂದಿತ್ತು. ಮೈದಾನದ ಅಂಚಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತು ಕೂಗುತ್ತಿದ್ದರು.

ಎಂಬತ್ತೊಂಬತ್ತರ ಫೆಬ್ರವರಿಯಲ್ಲಿ ಟೂರ್ನಮೆಂಟಿನ ಫೈನಲ್. ಎದುರಿಗೆ ಸಹಮ್ ಎಂಬ ಊರಿನ ತಂಡ. ಅಂಗಡಿ, ತೋಟಗಳಲ್ಲಿ ದುಡಿಯುವ ಗಟ್ಟಿಮುಟ್ಟಾದ ಹುಡುಗರು, ಎರಡು ಪಿಕಪ್ ತುಂಬ ಬಂದಿಳಿದಿದ್ದರು. ಆಟ ಮುಗಿಯಲು ಐದು ನಿಮಿಷ ಇರುವಾಗ ಒಂದಕ್ಕೆ ಒಂದು ಸಮ ಇತ್ತು. ಆಗ ಸಹಮ್‌ನವನೊಬ್ಬ ಗೋಲಿನ ಹತ್ತಿರ ಚೆಂಡನ್ನು ಕೈಯಲ್ಲಿ ತಡೆದ. ರೆಫ್ರಿ ಪೆನಾಲ್ಟಿ ಕೊಟ್ಟ. ಪೂವಪ್ಪ ಚೆಂಡು ಇಟ್ಟು ಹಿಂದೆ ಸರಿದ. ಆ ಸೀಸನಿನಲ್ಲಿ ಅವನು ನಾಲ್ಕು ಪೆನಾಲ್ಟಿ ಹೊಡೆದಿದ್ದ, ನಾಲ್ಕೂ ಗೋಲು. ಹೆಂಗಸರ ಚಾಪೆಯಲ್ಲಿ ಎಲ್ಲರೂ ಎದ್ದು ನಿಂತರು.

ಆ ಗಳಿಗೆಯಲ್ಲಿ ಕುರ್ಚಿಯಿಂದ ಸಂಕಪ್ಪನ ಗಂಟಲು ಕೇಳಿತು. "ಪೂವಪ್ಪಾ! ಮೋನುಗು ಕೊರ್ಲ!" ತುಳುವಿನಲ್ಲಿ ಕೂಗಿದರೆ ಸಹಮ್‌ನವರಿಗೆ ತಿಳಿಯುವುದಿಲ್ಲ ಎಂದು. ಮೋನುವಿಗೆ ಕೊಡು. ಅಂದರೆ ಗೋಲಿಗೆ ಹೊಡೆಯುವಂತೆ ಓಡಿ ಬಂದು, ಹೊಡೆಯದೆ, ಚೆಂಡನ್ನು ಮೆಲ್ಲ ಪಕ್ಕಕ್ಕೆ ಮುಂದೆ ಉರುಳಿಸುವುದು. ಹಿಂದಿನಿಂದ ಮೋನು ಓಡಿಬಂದು ಬಾರಿಸುವುದು. ಮೋನು ಎಂದರೆ ಬ್ಯಾರಿ ಹುಡುಗ, ಗಾಳಿಯ ಹಾಗೆ ಓಡುವವನು. ಇದನ್ನು ಎರಡು ಬುಧವಾರ ಸಂಜೆ ಅವರಿಬ್ಬರಿಗೆ ಸಂಕಪ್ಪನೇ ಕಲಿಸಿದ್ದರು. ನಿಯಮದಲ್ಲಿ ತಪ್ಪಿಲ್ಲ, ಆದರೆ ಕೂದಲೆಳೆ ಆಚೀಚೆಯಾದರೆ ಮುಗಿಯಿತು.

ಪೂವಪ್ಪ ಓಡಿ ಬಂದ. ಉರುಳಿಸಿದ. ಮೋನು ಬಂದ. ಅವನಿಗಿಂತ ಅರ್ಧ ಹೆಜ್ಜೆ ಮೊದಲು ಸಹಮ್‌ನ ಒಬ್ಬ ಕಾಲು ಚಾಚಿ ಚೆಂಡನ್ನು ದೂರಕ್ಕೆ ಒದ್ದ. ಎಲ್ಲರೂ ಈ ಕಡೆಯೇ ಇದ್ದರು, ಆ ಕಡೆ ಕಾಯುವವರೇ ಇಲ್ಲ. ಪೂವಪ್ಪನ ತಂಡದ ಗೋಲ್‌ಕೀಪರ್ ಒಬ್ಬನೇ ಎಷ್ಟು ತಡೆದಾನು? ಸಹಮ್‌ನವರು ಗೋಲು ಹೊಡೆದರು. ಕಪ್ ಸಹಮ್‌ನ ಪಿಕಪ್ಪಿನಲ್ಲಿ ಹೋಯಿತು.

ಆಟವೆಂದ ಮೇಲೆ ಸೋಲು ಇರುತ್ತದೆ. ಅಷ್ಟೇ ಆಗಿದ್ದರೆ ಲೋಲಾಕ್ಷಿ ಮನೆಗೆ ಹೋಗಿ ಮೀನು ಸಾರು ಮಾಡಿ ಮರೆತುಬಿಡುತ್ತಿದ್ದಳು. ಆದರೆ ಬಹುಮಾನ ಕೊಡಲು ಬಂದಿದ್ದ ದೊಡ್ಡ ಮನುಷ್ಯರು ಚಹದ ಲೋಟ ಹಿಡಿದುಕೊಂಡು, "ಎಂತದು ಸಂಕಪ್ಪ ಅದು? ಕೈಗೆ ಬಂದ ಕಪ್ಪನ್ನು ಪುಕ್ಕಟೆ ಕೊಟ್ಟಿರಲ್ಲ! ಆ ಉಪಾಯ ಯಾರದ್ದು?" ಎಂದು ಕೇಳಿದರು. ಲೋಲಾಕ್ಷಿ ಎರಡು ಮಾರು ದೂರದಲ್ಲಿ ಲೋಟ ತೊಳೆಯುತ್ತಿದ್ದಳು.

ಸಂಕಪ್ಪ ಸುತ್ತ ಒಮ್ಮೆ ನೋಡಿದರು. ಆಮೇಲೆ ನಕ್ಕರು. "ನನ್ನದಾ? ನನಗೆಂತ ಮರುಳಾ? ಸೀದಾ ಹೊಡಿ ಅಂತ ಬೊಬ್ಬೆ ಹಾಕಿದೆ. ಪೂವಪ್ಪ ಸ್ವಂತ ತಲೆ ಓಡಿಸಿದ. ಏಸಿ ರಿಪೇರಿ ಮಾಡುವ ತಲೆಯಲ್ಲಿ ಫುಟ್‌ಬಾಲ್ ಆಡಿದರೆ ಹೀಗೆಯೇ."

ಸುತ್ತ ಇದ್ದವರೆಲ್ಲ ನಕ್ಕರು. ಮೋನು ಅಲ್ಲೇ ಇದ್ದ, ಮರಳು ನೋಡುತ್ತಿದ್ದ. ಆ ಕೂಗನ್ನು ಕೇಳಿದ ಇನ್ನೂ ಏಳೆಂಟು ಜನ ಇದ್ದರು. ಒಬ್ಬನೂ ಬಾಯಿ ಬಿಡಲಿಲ್ಲ. ಲೋಲಾಕ್ಷಿ ಸೆರಗಿಗೆ ಕೈ ಒರೆಸಿಕೊಂಡು ಗಂಡನ ಹತ್ತಿರ ಹೋದಳು. ಅವನು ಕುಕ್ಕರುಗಾಲಿನಲ್ಲಿ ಕೂತು ಬೂಟಿನ ದಾರ ಬಿಚ್ಚುತ್ತಿದ್ದ.

"ಕೇಳಿಸಿತಾ ಅವರು ಹೇಳಿದ್ದು? ಎದ್ದು ಹೋಗಿ ಹೇಳಿ, ನೀವೇ ಅಲ್ವಾ ಕೂಗಿದ್ದು ಅಂತ."

"ಬಿಡು ಲೋಲಾ" ಎಂದ ಪೂವಪ್ಪ. ದಾರ ಬಿಚ್ಚಿ ಆಗಿತ್ತು. ಆದರೂ ತಲೆ ಎತ್ತಲಿಲ್ಲ.

ಬಿಡು ಎಂದರೆ ಬಿಡುವ ಹಾಗಿರಲಿಲ್ಲ. ಮುಂದಿನ ಸೀಸನಿನಲ್ಲಿ ಪೂವಪ್ಪನ ಹೆಸರು ತಂಡದ ಪಟ್ಟಿಯಲ್ಲಿರಲಿಲ್ಲ. "ಪೆನಾಲ್ಟಿ ಪೂವಪ್ಪ" ಎಂಬ ಹೆಸರು ಮಾತ್ರ ಅಂಟಿಕೊಂಡಿತು. ಸತ್ಯನಾರಾಯಣ ಪೂಜೆಗೆ ಹೋದರೆ ಪ್ರಸಾದ ಹಂಚುವವನು, "ಪೂವಪ್ಪಣ್ಣನ ಕೈಗೆ ಕೊಡಬೇಡಿ ಮಾರಾಯ್ರೆ, ಪಕ್ಕದವನಿಗೆ ಉರುಳಿಸಿಯಾರು" ಎನ್ನುತ್ತಿದ್ದ. ಪೂವಪ್ಪನೂ ನಗುತ್ತಿದ್ದ. ಒಂದು ದಿನ ಶಾಲೆಯಿಂದ ಬಂದ ಮಗಳು ಬ್ಯಾಗು ಇಳಿಸುವ ಮೊದಲೇ, "ಅಮ್ಮಾ, ಡಿಡ್ ಪಪ್ಪ ಲೂಸ್ ದ ಕಪ್? ಎವ್ರಿಬಡಿ ಸೇಸ್" ಎಂದು ಕೇಳಿದಳು. ಲೋಲಾಕ್ಷಿ ಮಿಷನ್ನಿನ ಚಕ್ರವನ್ನು ಅಂಗೈಯಲ್ಲಿ ಹಿಡಿದು ನಿಲ್ಲಿಸಿದಳು. ಅವತ್ತು ಅವಳಿಗೆ ಬೀಡಿ ಬ್ರಾಂಚಿನ ನೆಲ ಕಣ್ಣಿಗೆ ಕಟ್ಟಿತು.

ಮೊದಲು ಕೈಗೆ ಸಿಕ್ಕಿದ್ದು ಸಣ್ಣ ಸೇಡು. ಸಂಕಪ್ಪನ ಹೆಂಡತಿ ಲಲಿತಮ್ಮ ರವಿಕೆ ಹೊಲಿಸುತ್ತಿದ್ದದ್ದು ಅವಳಲ್ಲೇ. ಒಳ್ಳೆಯ ಹೆಂಗಸು, ಬರುವಾಗ ಮಗುವಿಗೆ ಏನಾದರೂ ತರುವವರು. "ಮಿಷನ್ ಹಾಳಾಗಿದೆ ಲಲಿತಕ್ಕ" ಎಂದು ಲೋಲಾಕ್ಷಿ ಬಟ್ಟೆಯನ್ನು ಹಾಗೆಯೇ ಹಿಂದೆ ಕೊಟ್ಟಳು. ಲಲಿತಮ್ಮ ಮೆಟ್ಟಿಲು ಇಳಿಯುವ ಮೊದಲೇ ಒಳಗೆ ಮಿಷನ್ ಗಡಗಡ ಶುರುವಾಯಿತು. ಬೇಕೆಂದೇ ಜೋರಾಗಿ ತುಳಿದಳು. ಮತ್ತೆರಡು ಸಲ ಬಂದಾಗಲೂ ಅದೇ ಮಾತು. ಲಲಿತಮ್ಮ ಆಮೇಲೆ ಬರಲಿಲ್ಲ. ಇದರಿಂದ ಅವಳ ಹೊಟ್ಟೆಯ ಉರಿ ಆರಲಿಲ್ಲ. ಉರಿ ಇದ್ದದ್ದು ಬೇರೆಯವರ ಮೇಲೆ.

ತೊಂಬತ್ತೆರಡರಲ್ಲಿ ಕ್ಯಾಸೆಟ್ ಸಿಕ್ಕಿತು. ಕೆಳಗಿನ ಮಹಡಿಯ ಮೈಮುನಾಳ ಗಂಡ ಕುಂಞಮ್ಮದ್ ವಿಡಿಯೊ ಕ್ಯಾಸೆಟ್ ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದ. ಮದುವೆ, ಹುಟ್ಟುಹಬ್ಬಗಳಿಗೆ ಹೆಗಲ ಮೇಲೆ ಕ್ಯಾಮೆರಾ ಹೊತ್ತು ಹೋಗುತ್ತಿದ್ದ. ಒಂದು ಮಧ್ಯಾಹ್ನ ಮೈಮುನಾ ಚೂಡಿದಾರದ ಬಟ್ಟೆ ತಂದವಳು ಮಾತಿನ ನಡುವೆ, "ಅಂಗಡಿಯಲ್ಲಿ ಜಾಗ ಇಲ್ಲ ಅಂತ ಹಳೇ ಕ್ಯಾಸೆಟ್ ಎಲ್ಲ ಅಳಿಸ್ಲಿಕ್ಕೆ ತೆಗೆದಿಟ್ಟಿದ್ದಾರೆ. ನಿಮ್ಮವರು ಆಡಿದ ಫೈನಲ್‌ದ್ದೂ ಉಂಟು, ಬೇಕಾ?" ಎಂದಳು.

ಲೋಲಾಕ್ಷಿಯ ಕೈಯಲ್ಲಿದ್ದ ಅಳತೆ ಟೇಪು ಕೆಳಗೆ ಬಿತ್ತು. "ಅದನ್ನು ಎಲ್ಲಿ ನಿಂತು ತೆಗೆದದ್ದು ಇವರು?"

"ಎಲ್ಲಿ ಅಂದ್ರೆ? ಸಂಕಪ್ಪ ಸಾಹೇಬ್ರ ಕುರ್ಚಿಯ ಹತ್ರ. ಅಲ್ಲಿ ಮಾತ್ರ ನೆರಳಿತ್ತು ಅಂತೆ."

ಮರುದಿನ ಗಂಡ ಕೆಲಸಕ್ಕೆ, ಮಗಳು ಶಾಲೆಗೆ ಹೋದ ಮೇಲೆ ಬಾಗಿಲಿಗೆ ಚಿಲಕ ಹಾಕಿ ಅವಳು ಕ್ಯಾಸೆಟ್ ಹಾಕಿದಳು. ಗಾಳಿಯ ಭರಭರ ಸದ್ದು, ಯಾರದೋ ಕೆಮ್ಮು, ಮರಳ ಮೇಲೆ ಹಳದಿ ಅಂಗಿಗಳು. ಪೂವಪ್ಪ ಚೆಂಡು ಇಡುತ್ತಾನೆ. ಆಗ ಪರದೆಯ ಪಕ್ಕದಿಂದಲೇ ಬಂದಂತೆ, ಸ್ಪಷ್ಟವಾಗಿ, "ಪೂವಪ್ಪಾ! ಮೋನುಗು ಕೊರ್ಲ!" ಅವಳು ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದಳು. ಮತ್ತೆ. ವಿಸಿಆರ್‌ನ ಲೆಕ್ಕದ ಕಿಟಕಿಯಲ್ಲಿ ಆ ಜಾಗದ ನಂಬರು ನೋಡಿಕೊಂಡಳು, 1147. ಅದನ್ನು ಎಲ್ಲಿಯೂ ಬರೆದಿಡಲಿಲ್ಲ. ಬರೆಯುವ ಅಗತ್ಯ ಇರಲಿಲ್ಲ.

ಆಮೇಲಿನ ತಿಂಗಳುಗಳಲ್ಲಿ ಅವಳು ಆ ಎರಡು ನಿಮಿಷಗಳನ್ನು ಎಷ್ಟು ಸಲ ನೋಡಿದಳೋ. ಹೊಲಿಗೆಯ ನಡುವೆ ಎದ್ದು ಹೋಗಿ ಹಾಕುತ್ತಿದ್ದಳು. ನೋಡುತ್ತ ನೋಡುತ್ತ, ಯಾರೂ ಕಲಿಸದೆಯೇ ಅವಳಿಗೆ ಆಟ ತಿಳಿಯತೊಡಗಿತು. ಚಿತ್ರವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದಾಗ, ತಾನು ನೋಡಲು ಬಯಸದಿದ್ದ ಒಂದು ಸಂಗತಿಯೂ ಕಂಡಿತು. ಪೂವಪ್ಪ ಕಾಲು ಎತ್ತಿದ ಕೂಡಲೇ ಸಹಮ್‌ನ ಗೋಲ್‌ಕೀಪರ್ ಬಲಕ್ಕೆ ಹಾರಿಬಿಟ್ಟಿದ್ದ. ಪೂವಪ್ಪ ಯಾವಾಗಲೂ ಹೊಡೆಯುವ ಮೂಲೆಗೇ. ಸೀದಾ ಹೊಡೆದಿದ್ದರೆ ಚೆಂಡು ಅವನ ಕೈಗೆ ಸಿಗುತ್ತಿತ್ತು. ಎಡಗಡೆ ಗೋಲು ಹಟ್ಟಿಯ ಬಾಗಿಲಿನಂತೆ ತೆರೆದಿತ್ತು. ಚೆಂಡು ಮಾತ್ರ ನಿಧಾನವಾಗಿ ಉರುಳಿತ್ತು. ಮೋನು ಅದಕ್ಕಾಗಿ ಒಂದು ಹೆಜ್ಜೆ ತಡೆಯಬೇಕಾಯಿತು, ಆ ಒಂದು ಹೆಜ್ಜೆಯಲ್ಲಿ ಎಲ್ಲ ಹೋಯಿತು. ಸಂಕಪ್ಪನ ಉಪಾಯ ಅಪಾಯದ್ದು ಹೌದು, ಆದರೆ ತಪ್ಪಲ್ಲ.

ಇದು ತಿಳಿದ ದಿನ ಅವಳು ಬಹಳ ಹೊತ್ತು ಟೀವಿಯ ಮುಂದೆ ಕೂತಿದ್ದಳು. ಸಿಟ್ಟು ಕಡಿಮೆಯಾದೀತು ಎಂದುಕೊಂಡರೆ ಹಾಗಾಗಲಿಲ್ಲ, ಹೆಚ್ಚೇ ಆಯಿತು. ಸರಿಯಾದ ಕೆಲಸ ಮಾಡಿಯೂ ಅದನ್ನು ತನ್ನದೆಂದು ಹೇಳುವಷ್ಟು ಗಂಡಸುತನ ಇಲ್ಲದ ಮನುಷ್ಯನಿಗಾಗಿ ತನ್ನ ಗಂಡ ಮೂರು ವರ್ಷದಿಂದ ಜನರ ಬಾಯಿಗೆ ಬಿದ್ದಿದ್ದಾನೆ. ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಪೂವಪ್ಪನಿಗೆ ಕ್ಯಾಸೆಟ್ ಇರುವ ವಿಷಯವೇ ಗೊತ್ತಿರಲಿಲ್ಲ. ಬಟ್ಟೆಯ ತುಂಡುಗಳ ಗಂಟಿನೊಳಗೆ ಅದನ್ನು ಇಟ್ಟು ಅವಳು ದಿನ ಕಾದಳು.

ದಿನ ಬಂದದ್ದು ತೊಂಬತ್ತನಾಲ್ಕರ ನವೆಂಬರಿನಲ್ಲಿ. ಸಂಕಪ್ಪ ಒಮಾನಿನ ಕೆಲಸ ಬಿಟ್ಟು ಊರಿಗೆ ಹೊರಟಿದ್ದರು. ಶುಕ್ರವಾರ ಮಧ್ಯಾಹ್ನ ಅವರ ಮನೆಯಲ್ಲೇ ಬೀಳ್ಕೊಡುಗೆ. ಕೋರಿ ರೊಟ್ಟಿ, ಪಾಯಸ, ಶಾಲು, ಹಾರ. ಹಾಲ್‌ನಲ್ಲಿ ನಲವತ್ತು ಐವತ್ತು ಜನ. ಹಿಂದಿನ ವಾರ ಕುಂಞಮ್ಮದ್ ಹಳೆಯ ಪಿಕ್‌ನಿಕ್, ಓಣಂ, ದೀಪಾವಳಿಗಳ ಚಿತ್ರಗಳನ್ನೆಲ್ಲ ಜೋಡಿಸಿ ಒಂದು ಕ್ಯಾಸೆಟ್ ಮಾಡುತ್ತಿದ್ದಾನೆಂದು ತಿಳಿದು ಲೋಲಾಕ್ಷಿ ಅವನ ಅಂಗಡಿಗೆ ಹೋಗಿದ್ದಳು. ಫೈನಲ್‌ನ ಎರಡು ನಿಮಿಷವನ್ನೂ ಸೇರಿಸಬೇಕೆಂದು ಕೇಳಿದ್ದಳು.

"ಬೇಡ ತಂಗಿ" ಎಂದಿದ್ದ ಕುಂಞಮ್ಮದ್. "ನನ್ನ ಅಂಗಡಿಯ ಲೈಸೆನ್ಸ್ ಮಾಡಿಕೊಟ್ಟದ್ದು ಅವರು. ಹೋಗುವ ಮನುಷ್ಯ, ಹೋಗ್ಲಿ. ಖಲಾಸ್ ಮಾಡಿ."

ಹಾಗಾಗಿ ಅವಳು ಕ್ಯಾಸೆಟ್ಟನ್ನು ಸರಿಯಾಗಿ 1147ಕ್ಕೆ ನಿಲ್ಲಿಸಿ, ತನ್ನ ಹ್ಯಾಂಡ್‌ಬ್ಯಾಗಿನಲ್ಲಿ ಹಾಕಿಕೊಂಡು ಹೋದಳು. ಹಾಕುವ ಸಂದರ್ಭ ಬರುತ್ತದೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಸಂದರ್ಭವನ್ನು ಸಂಕಪ್ಪನೇ ಮಾಡಿಕೊಟ್ಟರು. ಶಾಲು ಹೊದೆದುಕೊಂಡು, ಮೈಕ್ ಇಲ್ಲದಿದ್ದರೂ ಮೈಕ್ ಇರುವವರಂತೆ ಮಾತಾಡುತ್ತ, ಹದಿನೆಂಟು ವರ್ಷದ ನೆನಪುಗಳನ್ನು ಹೇಳಿದರು. ಕೊನೆಗೆ, "ಎಲ್ಲ ಸಿಕ್ಕಿತು ಈ ದೇಶದಲ್ಲಿ. ಒಂದು ಕಪ್ ಮಾತ್ರ ಸಿಗ್ಲಿಲ್ಲ. ಅದಕ್ಕೆ ಕಾರಣ ಇಲ್ಲೇ ಕೂತಿದ್ದಾರೆ, ನೀರು ಕುಡಿಯುತ್ತಾ ಇದ್ದಾರೆ. ಅಲ್ವಾ ಪೂವಪ್ಪ?" ಎಂದರು. ಹಾಲ್ ಪೂರ್ತಿ ನಕ್ಕಿತು. ಪೂವಪ್ಪ ಲೋಟ ಕೆಳಗಿಟ್ಟು ತಾನೂ ನಕ್ಕ.

ಲೋಲಾಕ್ಷಿ ಎದ್ದು ನಿಂತಳು.

"ಸಂಕಪ್ಪಣ್ಣ, ಆ ಆಟದ ಕ್ಯಾಸೆಟ್ ನನ್ನ ಹತ್ರ ಉಂಟು. ನೀವು ಹೋಗುವ ಮೊದಲು ಎಲ್ಲರೂ ಸೇರಿ ಒಮ್ಮೆ ನೋಡುವನಾ?"

ಸಂಕಪ್ಪನಿಗೆ ಖುಷಿಯೋ ಖುಷಿ. "ಹೌದಾ? ಹಾಕಿ, ಹಾಕಿ! ಯಲ್ಲಾ! ಆ ಮಹಾ ಪೆನಾಲ್ಟಿಯನ್ನು ಮಕ್ಕಳೂ ನೋಡ್ಲಿ" ಎಂದರು. ಬಾಗಿಲ ಹತ್ತಿರ ಇದ್ದ ಕುಂಞಮ್ಮದ್ ಮುಖ ತಿರುಗಿಸಿಕೊಂಡ.

ಅವಳು ಕ್ಯಾಸೆಟ್ ತುರುಕಿದಳು. ಟೀವಿಯ ಸದ್ದನ್ನು ಕೊನೆಯ ತನಕ ಏರಿಸಿದಳು. ಗಾಳಿ. ಕೆಮ್ಮು. ಪೂವಪ್ಪ ಚೆಂಡು ಇಟ್ಟ. "ಎಷ್ಟು ಸಪೂರ ಇದ್ದ ನೋಡು" ಎಂದು ಯಾರೋ ಅಂದರು. ಮರುಕ್ಷಣ ಆ ದೊಡ್ಡ ಹಾಲ್ ತುಂಬ ಐದು ವರ್ಷ ಹಿಂದಿನ ಸಂಕಪ್ಪನ ಗಂಟಲು ಮೊಳಗಿತು.

"ಪೂವಪ್ಪಾ! ಮೋನುಗು ಕೊರ್ಲ!"

ಚೆಂಡು ಹೋಯಿತು, ಗೋಲು ಹೋಯಿತು. ಯಾರೂ ನಗಲಿಲ್ಲ. ತುಳು ಬಾರದ ಒಂದಿಬ್ಬರು ಪಕ್ಕದವರನ್ನು ಮೆಲ್ಲನೆ ಕೇಳಿ ತಿಳಿದುಕೊಂಡರು. ಸಂಕಪ್ಪ ಕುರ್ಚಿಯಲ್ಲಿ ಸರಿದು ಕೂತು, "ಆಟದಲ್ಲಿ ನಾವು ಸಾವಿರ ಬೊಬ್ಬೆ ಹಾಕ್ತೇವೆ ಮಾರಾಯ್ರೆ. ಅದೆಲ್ಲ ನೆನಪು ಇರ್ತದಾ?" ಎಂದರು.

"ಸರಿಯಾಗಿ ಕೇಳಿಸ್ಲಿಲ್ಲ ಕಾಣ್ತದೆ" ಎಂದು ಲೋಲಾಕ್ಷಿ ಹಿಂದಕ್ಕೆ ತಿರುಗಿಸಿ ಮತ್ತೊಮ್ಮೆ ಹಾಕಿದಳು.

ಎರಡನೆಯ ಸಲ ಗಂಟಲು ಇನ್ನೂ ದೊಡ್ಡದಾಗಿ ಕೇಳಿದಂತಿತ್ತು. ಸಂಕಪ್ಪ ಶಾಲನ್ನು ಹೆಗಲಿನಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಹಿಂದಿನ ಸಾಲಿನಿಂದ ಮೋನು ಎದ್ದ. ಈಗ ಅವನಿಗೂ ಸ್ವಲ್ಪ ಹೊಟ್ಟೆ ಬಂದಿತ್ತು. "ಹೌದು. ನಾನೂ ಕೇಳಿದ್ದೆ. ಪ್ರಾಕ್ಟೀಸ್ ಮಾಡಿಸಿದ್ದೂ ಇವರೇ" ಎಂದ.

ಲೋಲಾಕ್ಷಿ ಅವನ ಕಡೆ ತಿರುಗಿದಳು. "ಐದು ವರ್ಷ ಎಲ್ಲಿ ಹೋಗಿದ್ದೆ ಮೋನು? ಅವರು ವಿಮಾನ ಹತ್ತುವ ದಿನ ನಿನಗೆ ಬಾಯಿ ಬಂತಾ?" ಮೋನು ಕೂತುಬಿಟ್ಟ.

ಅವಳು ಮೂರನೆಯ ಸಲ ಹಾಕಿದಳು. ಯಾರಿಗೂ ಇನ್ನೇನೂ ತಿಳಿಯುವುದು ಉಳಿದಿರಲಿಲ್ಲ. ಸುಮ್ಮನೆ, ಅವರ ಮುಖ ನೋಡಲೆಂದೇ ಹಾಕಿದಳು. ಚಿತ್ರದ ಕಡೆ ತಿರುಗಿಯೂ ನೋಡಲಿಲ್ಲ. ಕಚೇರಿಯಲ್ಲಿ ಕಫೀಲನ ಮುಂದೆ ಬಾಗದ ಆ ಕುತ್ತಿಗೆ ಹೇಗೆ ಸ್ವಲ್ಪ ಸ್ವಲ್ಪವಾಗಿ ಬಾಗುತ್ತದೆ ಎಂಬುದನ್ನು, ಬಟ್ಟೆಯ ಅಳತೆ ತೆಗೆಯುವಷ್ಟು ನಿಧಾನವಾಗಿ ನೋಡಿದಳು. ಅಷ್ಟು ವರ್ಷ ಬಾಯಲ್ಲಿದ್ದ ಕಹಿ ಆ ಒಂದು ನಿಮಿಷದಲ್ಲಿ ಜೇನಾಯಿತು ಎಂದು ಆಮೇಲೆ ಅವಳೇ ಮೈಮುನಾಳಿಗೆ ಹೇಳಿದ್ದಾಳೆ.

"ಸಾಕು ಲೋಲಾಕ್ಷಿ" ಎಂದರು ಲಲಿತಮ್ಮ. ಅವರ ಕಣ್ಣು ತುಂಬಿತ್ತು.

"ನಮಗೂ ಸಾಕಾಗಿತ್ತು ಲಲಿತಕ್ಕ" ಎಂದು ಲೋಲಾಕ್ಷಿ ಕ್ಯಾಸೆಟ್ ತೆಗೆದುಕೊಂಡಳು.

ತಿರುಗಿ ನೋಡಿದರೆ ಪೂವಪ್ಪನ ಕುರ್ಚಿ ಖಾಲಿ. ಅವನು ಹೊರಗೆ ಪಿಕಪ್ಪಿನಲ್ಲಿ ಸ್ಟೇರಿಂಗ್ ಹಿಡಿದು ಕೂತಿದ್ದ. ಮಗಳನ್ನು ನಡುವೆ ಕೂರಿಸಿಕೊಂಡು ಅವಳು ಹತ್ತಿದಳು. ಹೆದ್ದಾರಿಯಲ್ಲಿ ಅರ್ಧ ದಾರಿ ಬಂದಾಯಿತು. ಅವಳು ಕಾದಳು. ಒಂದು ಒಳ್ಳೆಯ ಮಾತು ಬರುತ್ತದೆ ಎಂದೇ ಕಾದಳು.

"ನನ್ನನ್ನು ಒಂದು ಮಾತು ಕೇಳಿದ್ದೀಯಾ?" ಎಂದ ಪೂವಪ್ಪ ಕೊನೆಗೆ.

"ಕೇಳಿದ್ರೆ ಬಿಡು ಅಂತಿದ್ರಿ."

"ಹೌದು, ಅಂತಿದ್ದೆ." ಅವನು ಗೇರು ಬದಲಿಸಿದ. "ಅವತ್ತು ನನ್ನ ಕಾಲು ನಡುಗ್ತಾ ಇತ್ತು ಲೋಲಾ. ಚೆಂಡು ಇಟ್ಟೆ, ಗೋಲು ಕಾಣ್ಲೇ ಇಲ್ಲ. ಹೊಡೆದ್ರೆ ಎಲ್ಲಿ ಹೋಗ್ತದೆ ಅಂತ ನನಗೇ ಗೊತ್ತಿರ್ಲಿಲ್ಲ. ಅವರು ಮೋನುಗೆ ಕೊಡು ಅಂದದ್ದೇ ತಡ, ಬದುಕಿದೆ ಅನ್ನಿಸ್ತು. ಅದಕ್ಕೇ ಅಷ್ಟು ಮೆಲ್ಲ ಹೋಯ್ತು ಚೆಂಡು. ಜನ ನನ್ನನ್ನು ಬೈದಾಗ, ಸರಿ, ನನಗೆ ಸಲ್ಲಬೇಕಾದ್ದೇ ಅಂತ ಸುಮ್ಮನಿದ್ದೆ."

ಲೋಲಾಕ್ಷಿ ಕಿಟಕಿಯ ಹೊರಗೆ ಒಣ ಗುಡ್ಡಗಳನ್ನು ನೋಡಿದಳು. ಐದು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದ ಮನುಷ್ಯ ಇದನ್ನು ಹೇಳಿರಲಿಲ್ಲ. ಅವಳೂ ಕ್ಯಾಸೆಟ್ಟಿನ ಸುದ್ದಿ ಹೇಳಿರಲಿಲ್ಲ. 

"ನಡುಗಿದ್ದು ನಿಮ್ಮ ಕಾಲು" ಎಂದಳು. "ಸುಳ್ಳು ಹೇಳಿದ್ದು ಅವರ ಬಾಯಿ. ಒಂದಕ್ಕೊಂದು ಸೇರಿಸ್ಬೇಡಿ."

ಆ ಮೇಲೆ ಎರಡು ತಿಂಗಳು ಮನೆಯಲ್ಲಿ ಅಗತ್ಯದ ಮಾತು ಮಾತ್ರ. ಹೊರಗೆ ಲೋಲಾಕ್ಷಿಯ ಹೆಸರು ಎರಡು ರೀತಿಯಲ್ಲಿ ಓಡಾಡಿತು. ಊಟಕ್ಕೆ ಕರೆದ ಮನೆಯಲ್ಲಿ ಹಾಗೆ ಮಾಡಬಾರದಿತ್ತು ಎಂದು ಕೆಲವರು ಬಟ್ಟೆ ತರುವುದನ್ನು ಬಿಟ್ಟರು. ಕೆಲವರು ಹೊಲಿಸುವ ಅಗತ್ಯ ಇಲ್ಲದಿದ್ದರೂ ಬಟ್ಟೆ ತಂದು, ಮಾತಿಗೆ ಕೂತು, ಪುನಃ ಪುನಃ ಕೇಳಿ ಸಂತೋಷಪಟ್ಟರು. ಪೆನಾಲ್ಟಿ ಪೂವಪ್ಪ ಎಂಬ ಹೆಸರು ತಾನಾಗಿ ಬಿದ್ದುಹೋಯಿತು. ಮೋನು ಒಮ್ಮೆ ಬಂದು, ಶುಕ್ರವಾರ ಹಿರಿಯರ ಆಟವಿದೆ, ಬನ್ನಿ ಎಂದು ಪೂವಪ್ಪನನ್ನು ಕರೆದ. ಪೂವಪ್ಪ ಮೊಣಕಾಲಿನ ನೆಪ ಹೇಳಿದ. ಅವನು ಮತ್ತೆ ಮೈದಾನಕ್ಕೆ ಇಳಿಯಲೇ ಇಲ್ಲ. ಅದನ್ನು ಮರಳಿ ಕೊಡಿಸುವುದು ಅವಳ ಕೈಯಲ್ಲಿರಲಿಲ್ಲ, ಮತ್ತು ಅದಕ್ಕಾಗಿಯೂ ಅವಳು ಸಂಕಪ್ಪನನ್ನೇ ಹೊಣೆ ಮಾಡಿದಳು.

ತೊಂಬತ್ತಾರರ ಮೇ ತಿಂಗಳಲ್ಲಿ ರಜೆಗೆ ಊರಿಗೆ ಬಂದಾಗ, ಮುಲ್ಕಿ ಬಸ್‌ಸ್ಟ್ಯಾಂಡಿನಲ್ಲಿ ಸಂಕಪ್ಪ ಎದುರಾದರು. ಬಿಳಿ ಪಂಚೆ, ಕೈಯಲ್ಲಿ ಛತ್ರಿ. ಹೊಟ್ಟೆ ಇಳಿದಿತ್ತು. ಅವಳು ನೋಡದವಳಂತೆ ನಿಂತಳು. ಅವರೇ ಹತ್ತಿರ ಬಂದರು. ಕುಶಲ ಕೇಳಲಿಲ್ಲ. ಎರಡು ವರ್ಷದಿಂದ ಎದೆಯಲ್ಲಿ ಇಟ್ಟುಕೊಂಡದ್ದನ್ನು ನೇರ ಹೊರಗೆ ಹಾಕಿದರು.

"ನಾನು ಸುಳ್ಳು ಹೇಳಿದ್ದು ಹೌದು ಲೋಲಾಕ್ಷಿ. ಅಷ್ಟು ಜನರ ಮುಂದೆ ಮರ್ಯಾದೆ ಹೋಗ್ತದೆ ಅಂತ ಬಾಯಿಗೆ ಬಂದದ್ದು ಹೇಳಿದೆ. ಆದ್ರೆ ಒಂದು ಕೇಳು. ಎಲ್ಲರೂ ಈಗ ಏನು ಹೇಳ್ತಾರೆ ಗೊತ್ತುಂಟಾ? ಸಂಕಪ್ಪನಿಗೆ ಫುಟ್‌ಬಾಲೇ ಗೊತ್ತಿರ್ಲಿಲ್ಲ, ಹುಚ್ಚು ಉಪಾಯ ಮಾಡಿದ ಅಂತ. ಹುಚ್ಚಲ್ಲ ಅದು! ಆ ಗೋಲ್‌ಕೀಪರ್ ಸೆಮಿಫೈನಲ್ ನೋಡ್ಲಿಕ್ಕೆ ಬಂದಿದ್ದ, ಪೂವಪ್ಪ ಎಲ್ಲಿಗೆ ಹೊಡೀತಾನೆ ಅಂತ ಅವನಿಗೆ ಗೊತ್ತಿತ್ತು. ನಾನು ಕಣ್ಣಾರೆ ನೋಡಿದ್ದೆ ಅವನನ್ನು."

"ಗೊತ್ತುಂಟು" ಎಂದಳು ಲೋಲಾಕ್ಷಿ. "ಅವನು ಬಲಕ್ಕೆ ಹಾರಿದ್ದ. ಸೀದಾ ಹೊಡೆದಿದ್ರೆ ಹಿಡೀತಿದ್ದ. ಎಡಗಡೆ ಪೂರ್ತಿ ಖಾಲಿ ಇತ್ತು. ಚೆಂಡು ಸ್ವಲ್ಪ ಬೇಗ ಹೋಗಿದ್ರೆ ಗೋಲು. ನಿಮ್ಮ ಉಪಾಯ ಸರಿಯಾಗಿಯೇ ಇತ್ತು ಸಂಕಪ್ಪಣ್ಣ."

ಸಂಕಪ್ಪನ ಮುಖ ಹೇಗೆ ಅರಳಿತೆಂದರೆ, ಇಪ್ಪತ್ತು ವರ್ಷ ಸಣ್ಣವರಾದಂತೆ. ಛತ್ರಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. "ನೋಡಿದ್ದೀಯಾ? ಕ್ಯಾಸೆಟ್‌ನಲ್ಲಿ ಕಾಣ್ತದಾ ಅದು?"

"ಚೆನ್ನಾಗಿ ಕಾಣ್ತದೆ. ನಿಲ್ಲಿಸಿ ನೋಡಿದ್ರೆ."

"ಹಾಗಾದ್ರೆ ನೀನು ಯಾರಿಗಾದ್ರೂ ಒಂದು ಮಾತು ಹೇಳ್ಬಹುದಲ್ಲ? ನೀನು ಹೇಳಿದ್ರೆ ಜನ ನಂಬ್ತಾರೆ. ನಾನು ಹೇಳಿದ್ರೆ ಯಾರೂ ನಂಬುವುದಿಲ್ಲ ಈಗ."

ಪಡುಬಿದ್ರಿಯ ಬಸ್ಸು ಬಂದು ನಿಂತಿತು. ಲೋಲಾಕ್ಷಿ ಚೀಲ ಎತ್ತಿಕೊಂಡಳು.

"ಅವತ್ತು ಚಹ ಕುಡಿಯುವಾಗ, ಉಪಾಯ ಯಾರದ್ದು ಅಂತ ಕೇಳಿದ್ರಲ್ಲ, ಆಗ ನನ್ನದು ಅಂತ ನೀವೇ ಹೇಳಿದ್ರೆ ಆಗಿತ್ತು" ಎಂದಳು. "ನಾನು ಹೇಳುವುದಿಲ್ಲ. ಯಾರು ಕೇಳಿದ್ರೂ ಹೇಳುವುದಿಲ್ಲ."

"ಆ ಕ್ಯಾಸೆಟ್ಟನ್ನಾದ್ರೂ…"

"ಅದು ನನ್ನ ಹತ್ರವೇ ಇರ್ತದೆ."

ಅವಳು ಹತ್ತಿ ಕಿಟಕಿಯ ಪಕ್ಕ ಕೂತಳು. ಕಂಡಕ್ಟರ್ ಸೀಟಿ ಊದಿದ. ಸಂಕಪ್ಪ ಬಸ್ಸಿನ ಜೊತೆಗೇ ನಾಲ್ಕು ಹೆಜ್ಜೆ ಬಂದು, ಏನೋ ಹೇಳಲು ಛತ್ರಿ ಎತ್ತಿ, ಹಾಗೆಯೇ ನಿಂತುಬಿಟ್ಟರು. ಲೋಲಾಕ್ಷಿ ತಿರುವಿನ ತನಕ ಅವರನ್ನು ಕಣ್ಣು ತುಂಬ ನೋಡಿದಳು. ಆಮೇಲೆ ಟಿಕೆಟಿಗೆಂದು ಚಿಲ್ಲರೆ ಹುಡುಕಿದಳು.